ಜಿಂಕೆ ಬೇಟೆಯ ನೋಂದಣಿ: ಫೋನ್ ಸಾಕೇ, ಚೆಕ್ ಸ್ಟೇಷನ್ ಬೇಕೇ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೊಡೆದ ಜಿಂಕೆಯನ್ನು ಮೊದಲು ಚೆಕ್ ಸ್ಟೇಷನ್‌ಗೆ (ಬೇಟೆಯನ್ನು ನೋಡಿ ನೋಂದಾಯಿಸುವ ಕೇಂದ್ರ) ಒಯ್ದು ತೋರಿಸಬೇಕಿತ್ತು. 2015ರಿಂದ 'ಗೇಮ್‌ರೆಜ್' ವ್ಯವಸ್ಥೆಯಲ್ಲಿ ಫೋನ್ ಅಥವಾ ಆನ್‌ಲೈನ್ ಸಾಕು. ಇದರಿಂದ ಲೆಕ್ಕ ತಪ್ಪುವುದಿಲ್ಲವೇ ಎಂಬುದು ಪ್ರಶ್ನೆ.

ಎಣಿಕೆಗೆ ಫೋನ್ ಧಾರಾಳ ಸಾಕು. ಜಿಂಕೆ ಕೈಗೆ ಸಿಕ್ಕ ಮರುದಿನ ಸಂಜೆ 5ರೊಳಗೆ ಪರವಾನಗಿ ಸಂಖ್ಯೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಜಮೀನು ಖಾಸಗಿಯೋ ಸಾರ್ವಜನಿಕವೋ, ಗಂಡೋ ಹೆಣ್ಣೋ ಎಂದು ತಿಳಿಸಬೇಕು. ಕೊನೆಗೆ ಬರುವ ದೃಢೀಕರಣ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದು ಬರದೆ ಕರೆ ಕಡಿದುಹೋದರೆ ನೋಂದಣಿ ಆಗಿಲ್ಲವೆಂದೇ ಲೆಕ್ಕ. ಕಾಡಿನಲ್ಲಿ ಸಿಗ್ನಲ್ ನಂಬಿ ಕೊನೆ ಗಳಿಗೆವರೆಗೆ ಕಾಯುವುದು ಬೇಡ. ಹೆಚ್ಚು ಎಡವುವುದು ಗಂಡು ಮರಿಗಳ ವಿಷಯದಲ್ಲಿ: ಕೊಂಬು 3 ಇಂಚಿಗಿಂತ ಗಿಡ್ಡವಿದ್ದರೆ ಪರವಾನಗಿಗೆ ಅದು 'ಕೊಂಬಿಲ್ಲದ್ದು', ಆದರೆ ಹೆಣ್ಣಲ್ಲ. ನೆತ್ತಿ ಸವರಿ ನೋಡಿ, ಗುಬಟು ಕೈಗೆ ಸಿಗುತ್ತದೆ.

ನಷ್ಟವಾಗುವುದು ವಯಸ್ಸಿನ ಮಾಹಿತಿ. ಸ್ಟೇಷನ್‌ನಲ್ಲಿ ಬಲ್ಲವರು ಕೆಳದವಡೆ ಬಿಡಿಸಿ ನೋಡುತ್ತಿದ್ದರು. ಮುಂದಿನಿಂದ ಮೂರನೇ ದವಡೆಹಲ್ಲಿಗೆ ಮೂರು ಮೊನೆಯಿದ್ದರೆ ಅದಿನ್ನೂ ಹಾಲುಹಲ್ಲು. ಸುಮಾರು ಒಂದೂವರೆ ವರ್ಷಕ್ಕೆ ಅದು ಬಿದ್ದು ಎರಡು ಮೊನೆಯದು ಬರುತ್ತದೆ. ಇದನ್ನು ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ. 2002ರಲ್ಲಿ ಅಲ್ಲಿ ಪತ್ತೆಯಾದ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ಮೆದುಳಿನ ರೋಗದ ಪರೀಕ್ಷೆಗೂ ಗಂಟಲ ಹಿಂದಿನ ದುಗ್ಧರಸ ಗ್ರಂಥಿ ಬೇಕು. ಹಾಗಾಗಿ ನೋಂದಣಿ ಮುಗಿದರೂ, ಈ ಪರೀಕ್ಷೆ ಮಾಡಿಸಬೇಕಿದ್ದರೆ ಕುತ್ತಿಗೆಯ ಕೆಲವು ಇಂಚು ಸೇರಿಸಿ ಕಡಿದ ತಲೆಯನ್ನು ಮಾದರಿ ಸಂಗ್ರಹ ಕೇಂದ್ರಕ್ಕೆ ಒಯ್ಯಬೇಕು.