ಅಮೆರಿಕದಲ್ಲಿ ನಡೆಯುವ ಆಲ್ಝೈಮರ್ಸ್ ನಡಿಗೆಗೆ ಸೇರಿದರೆ ಊರಿನಲ್ಲಿರುವ ತಂದೆಗೆ ಏನು ಪ್ರಯೋಜನ?

ತಂದೆಯವರು ನೆನಪು, ಬುದ್ಧಿಶಕ್ತಿ ಕುಂದುವ ಡಿಮೆನ್ಶಿಯದಿಂದ ಊರಿನಲ್ಲಿ ನರಳುತ್ತಿರುವಾಗ, ನೀವು ಇಲ್ಲಿ ಸಹೋದ್ಯೋಗಿಗಳ ಜೊತೆ ನೇರಳೆ ಅಂಗಿ ತೊಟ್ಟು ನಡೆಯುವುದು ಬರಿಯ ತೋರಿಕೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಸೇರುವುದಾದರೆ ಏನೇನು ತಿಳಿದಿರಬೇಕು ಎಂದೂ ಕೇಳಿದ್ದೀರಿ. ನಾನು ಇಲಿನಾಯ್‌ನಲ್ಲಿ ಮೂರು ವರ್ಷ ಈ ನಡಿಗೆಯಲ್ಲಿ ಭಾಗವಹಿಸಿದ್ದೇನೆ. ಮೊದಲ ಎರಡು ವರ್ಷ ನನ್ನ ತಾಯಿ ಶಿವಮೊಗ್ಗದಲ್ಲಿ ಅಕ್ಕನ ಆರೈಕೆಯಲ್ಲಿದ್ದರು, ಮೂರನೆಯ ವರ್ಷದ ಹೊತ್ತಿಗೆ ತೀರಿಕೊಂಡಿದ್ದರು. ನಿಮ್ಮ ತಂದೆಗೆ ಈ ನಡಿಗೆಯಿಂದ ನೇರವಾಗಿ ಏನೂ ಸಿಗುವುದಿಲ್ಲ. ಆದರೂ ಹೋಗಿ ಎಂದೇ ಹೇಳುತ್ತೇನೆ. ಕಾರಣ ಹೇಳಬೇಕಾದರೆ ನಮ್ಮ ಮನೆಯ ವಿಷಯದಿಂದಲೇ ಶುರುಮಾಡಬೇಕು.

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮೆಲ್ಲರ ಬಾಯಲ್ಲಿದೆ. ಅಮ್ಮ ಹಾಲು ಒಲೆಯ ಮೇಲಿಟ್ಟು ಮರೆತಾಗ, ಕೇಳಿದ್ದನ್ನೇ ಹತ್ತು ಸಲ ಕೇಳಿದಾಗ ನಾವೂ ಅದನ್ನೇ ಹೇಳಿ ಸುಮ್ಮನಾದೆವು. ಮೊದಲು ತೋರಿಸಿದ ವೈದ್ಯರೂ ವಯಸ್ಸಾಯಿತು ಎಂದು ಹೇಳಿ ಕಳಿಸಿದ್ದರಿಂದ, ಅದು ಕಾಯಿಲೆಯೆಂದು ಗೊತ್ತಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ, ಅಂದರೆ ನೂರಕ್ಕೆ ಏಳಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಡಿಮೆನ್ಶಿಯ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು; ಅದರಲ್ಲಿ ಹೆಂಗಸರ ಪ್ರಮಾಣವೇ ಹೆಚ್ಚು. ಇವರಲ್ಲಿ ಎಷ್ಟೋ ಮಂದಿಯನ್ನು ಮನೆಯವರು ಇನ್ನೂ ಅರಳುಮರಳು ಎಂದೇ ಕರೆಯುತ್ತಿರಬಹುದು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಸಂಜೆ ಐದಾಗುತ್ತಿದ್ದಂತೆ ಅಮ್ಮ ಎರಡು ಸೀರೆ, ಒಂದು ಟವೆಲು, ಕುಂಕುಮದ ಭರಣಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದರು. ‘ಕತ್ಲಾಗುತ್ತೆ, ಮನೆಗೆ ಹೋಗ್ಬೇಕು’ ಎನ್ನುತ್ತಿದ್ದರು. ಅವರು ನಿಂತಿದ್ದುದು ನಲವತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ. ‘ಇದೇ ನಿನ್ನ ಮನೆ’ ಎಂದು ಅಕ್ಕ ಮೊದಮೊದಲು ವಾದಿಸಿ, ಇಬ್ಬರೂ ಅಳುವಂತಾಗುತ್ತಿತ್ತು. ಆಮೇಲೆ ಆಕೆ ವಾದ ಬಿಟ್ಟು, ಗಂಟನ್ನು ತಾನು ಹಿಡಿದುಕೊಂಡು, ಅಮ್ಮನ ಕೈ ಹಿಡಿದು ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ನಡೆಸಿಕೊಂಡು ಹೋಗಿ, ಅದೇ ದಾರಿಯಲ್ಲಿ ವಾಪಸು ಕರೆತಂದು, ‘ಮನೆ ಬಂತಮ್ಮ’ ಎನ್ನುವುದನ್ನು ಕಲಿತಳು. ಹೆಚ್ಚಿನ ದಿನಗಳಲ್ಲಿ ಅಮ್ಮ ಸಮಾಧಾನದಿಂದ ಒಳಗೆ ಬರುತ್ತಿದ್ದರು.

ಇನ್ನು ನಡಿಗೆಯ ವಿಷಯ. ಡಿಮೆನ್ಶಿಯಕ್ಕೆ ಹೆಚ್ಚಾಗಿ ಕಾರಣವಾಗುವ ಕಾಯಿಲೆಯೇ ಆಲ್ಝೈಮರ್ಸ್. ಅದಕ್ಕಾಗಿ ದುಡಿಯುವ ಅಮೆರಿಕದ ಆಲ್ಝೈಮರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ದೇಣಿಗೆ ಕೂಡಿಸಲು 1989ರಲ್ಲಿ ‘ಮೆಮೊರಿ ವಾಕ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿತು. ಈಗ ಅಮೆರಿಕದ ಆರುನೂರಕ್ಕೂ ಹೆಚ್ಚು ಊರುಗಳಲ್ಲಿ, ಬಹುತೇಕ ಶರತ್ಕಾಲದ ವಾರಾಂತ್ಯಗಳಲ್ಲಿ ನಡೆಯುತ್ತದೆ. ನಡಿಗೆಗೆ ಮುಂಚೆ ಎಲ್ಲರಿಗೂ ಗಿರಿಗಿಟ್ಟೆಯಂತೆ ಗಾಳಿಗೆ ತಿರುಗುವ ಹೂವೊಂದನ್ನು ಕೊಡುತ್ತಾರೆ. ಕಾಯಿಲೆಯಿರುವವರಿಗೆ ನೀಲಿ, ಅದರಿಂದ ತಮ್ಮವರನ್ನು ಕಳೆದುಕೊಂಡವರಿಗೆ ನೇರಳೆ, ಆರೈಕೆ ಮಾಡುತ್ತಿರುವವರಿಗೆ ಹಳದಿ, ಬೆಂಬಲಿಸಲು ಬಂದ ಉಳಿದವರಿಗೆ ಕಿತ್ತಳೆ. ಮೊದಲ ವರ್ಷ ಸ್ವಯಂಸೇವಕಿಯೊಬ್ಬರು ಯಾವ ಬಣ್ಣ ಬೇಕೆಂದು ಕೇಳಿದಾಗ ನನಗೆ ಬಾಯಿಯೇ ಬರಲಿಲ್ಲ. ಆರೈಕೆ ಮಾಡುತ್ತಿದ್ದವಳು ಅಕ್ಕ; ನಾನು ದುಡ್ಡು ಕಳಿಸಿ, ಭಾನುವಾರ ವಿಡಿಯೋ ಕರೆ ಮಾಡುತ್ತಿದ್ದವನು. ಕೊನೆಗೆ ಕಿತ್ತಳೆ ಹೂವು ತೆಗೆದುಕೊಂಡು, ಅದರ ದಳದ ಮೇಲೆ ಕನ್ನಡದಲ್ಲಿ ‘ಅಮ್ಮ’ ಎಂದು ಬರೆದೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ಅದು ಯಾವ ಲಿಪಿಯೆಂದು ಕೇಳಿದರು. ಅವರ ಕೈಯಲ್ಲಿದ್ದದ್ದು ನೀಲಿ ಹೂವು. ತಮ್ಮ ಕಾಯಿಲೆಯ ಹೆಸರನ್ನು ಸಕ್ಕರೆ ಕಾಯಿಲೆಯ ಹೆಸರು ಹೇಳುವಷ್ಟೇ ಸಹಜವಾಗಿ ಅವರು ಹೇಳಿದ್ದನ್ನು ಕೇಳಿ ನಾನು ಬಹಳ ಹೊತ್ತು ಮಾತಾಡಲಿಲ್ಲ.

ಅಂದು ರಾತ್ರಿ ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಅಮ್ಮನಿಗೆ ಆಲ್ಝೈಮರ್ಸ್ ಇದೆಯೆಂದು ಮೊದಲ ಸಲ ಬರೆದೆ. ನಾಲ್ಕು ಮನೆಯವರು ಪ್ರತ್ಯೇಕವಾಗಿ ಫೋನ್ ಮಾಡಿ ತಮ್ಮ ಮನೆಯಲ್ಲೂ ಹೀಗೇ ಇದೆ ಎಂದರು. ವರ್ಷಗಟ್ಟಲೆ ಯುಗಾದಿಗೆ ಜೊತೆಯಲ್ಲಿ ಉಂಡವರು ಅವರು. ಸಂಜೆಯ ಹೊತ್ತು ರೋಗಿಗಳು ಹೀಗೆ ಕಳವಳಪಡುವುದಕ್ಕೆ ಹೆಸರೇ ಇದೆ, ಅದು ಹಟವಲ್ಲ ಎಂಬುದು ನನಗೆ ತಿಳಿದದ್ದು ಆ ಮಾತುಕತೆಗಳಿಂದಲೇ. ಅಕ್ಕನಿಗೆ ಅದನ್ನು ಹೇಳಿದಾಗ ಆಕೆ, ‘ಹಾಗಾದ್ರೆ ನಾನು ಮಾಡ್ತಿರೋದು ಸರೀನೇ ಅಲ್ವೇನೋ?’ ಎಂದು ಕೇಳಿದಳು. ಅಷ್ಟು ದಿನ ಯಾರೂ ಆಕೆಗೆ ಆ ಮಾತು ಹೇಳಿರಲಿಲ್ಲ.

ವ್ಯಾವಹಾರಿಕ ಸಂಗತಿಗಳು ಸ್ವಲ್ಪವೇ. ನೋಂದಣಿಗೆ ಶುಲ್ಕವಿಲ್ಲ. ದೂರ ಸಾಮಾನ್ಯವಾಗಿ ಎರಡು ಮೂರು ಮೈಲಿ ಇರುತ್ತದೆ; ನನ್ನ ಎಂಟು ವರ್ಷದ ಮಗಳು ಆರಾಮವಾಗಿ ನಡೆದಳು. ನಿಮ್ಮ ಕಂಪನಿ ನೌಕರರ ದೇಣಿಗೆಗೆ ಸಮನಾದ ಮೊತ್ತವನ್ನು ತಾನೂ ಕೊಡುತ್ತದೆಯೇ ಎಂದು ವಿಚಾರಿಸಿ; ಎಷ್ಟೋ ಕಂಪನಿಗಳು ಕೊಡುತ್ತವೆ. ಹಣ ಕೇಳುವಾಗ ಸಂಸ್ಥೆಯ ಸಿದ್ಧ ಪತ್ರವನ್ನು ಕಳಿಸಬೇಡಿ, ತಂದೆಯವರ ಬಗ್ಗೆ ನೀವೇ ನಾಲ್ಕು ಸಾಲು ಬರೆಯಿರಿ. ಅವರ ಈಗಿನ ಫೋಟೋವನ್ನು ಮಾತ್ರ ಹಾಕದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲದಿರಬಹುದು.

ಇಲ್ಲಿ ಕೂಡುವ ಹಣ ಈ ಸಂಸ್ಥೆಯ ಸಂಶೋಧನೆಗೆ, ಆರೈಕೆಯ ಕೆಲಸಗಳಿಗೆ, ಹಗಲು ರಾತ್ರಿ ತೆರೆದಿರುವ ಸಹಾಯವಾಣಿಗೆ ಹೋಗುತ್ತದೆ. ಕರ್ನಾಟಕಕ್ಕೂ ನೆರವಾಗಬೇಕೆಂದಿದ್ದರೆ ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಡಿಮೆನ್ಶಿಯ ಇಂಡಿಯಾ ಅಲಯನ್ಸ್ ಇದೇ ಕ್ಷೇತ್ರದಲ್ಲಿ ದುಡಿಯುತ್ತಿವೆ, ಬೇರೆಯಾಗಿ ಕೊಡಿ. ಊರಿನವರಿಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಗೊತ್ತಿರಲಿ. ಎಲ್ಲಕ್ಕಿಂತ ಮೊದಲು, ತಂದೆಯವರನ್ನು ನೋಡಿಕೊಳ್ಳುತ್ತಿರುವವರಿಗೆ ವಾರಕ್ಕೆ ಎರಡು ದಿನವಾದರೂ ಬಿಡುವು ಸಿಗುವಂತೆ ಸಹಾಯಕರೊಬ್ಬರನ್ನು ಗೊತ್ತುಮಾಡಿ. ಇದನ್ನು ನಾನು ಮಾಡಿದ್ದು ಎರಡನೆಯ ವರ್ಷದ ನಡಿಗೆಯ ನಂತರ, ಅದೂ ಅಕ್ಕನಿಗೆ ಬೆನ್ನುನೋವು ಶುರುವಾದ ಮೇಲೆ.