ಸೇಂಟ್ ಲೂಯಿಸ್ ಜನ 2017ರಲ್ಲಿ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹಣ ಕೊಡಲು ಒಪ್ಪದಿದ್ದದ್ದು ತಪ್ಪಾಗಿತ್ತೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಮತದಾರರು ಬೇಡ ಎಂದ ಮೇಲೂ ಅಮೆರಿಕದ ಸೇಂಟ್ ಲೂಯಿಸ್‌ಗೆ ಮೇಜರ್ ಲೀಗ್ ಸಾಕರ್ (ಆ ದೇಶದ ಮುಖ್ಯ ಫುಟ್‌ಬಾಲ್ ಲೀಗ್) ತಂಡ ಬಂದದ್ದು ಹೇಗೆ ಎಂಬುದು ಒಂದು. ಈಗ ಕ್ರೀಡಾಂಗಣ ತುಂಬಿ ತುಳುಕುವುದನ್ನು ನೋಡಿದರೆ ಅಂದಿನ ನಿರಾಕರಣೆ ದೂರದೃಷ್ಟಿಯಿಲ್ಲದ್ದು ಅನ್ನಿಸುವುದಿಲ್ಲವೇ ಎಂಬುದು ಇನ್ನೊಂದು. ನಾನು 2012ರಿಂದ ಈ ಊರಿನಲ್ಲಿದ್ದೇನೆ. ಟವರ್ ಗ್ರೋವ್ ಪಾರ್ಕಿನ ಹತ್ತಿರ, ನಗರದ ಗಡಿಯೊಳಗೇ ಮನೆ. ಜನ ಬೇಡ ಎಂದದ್ದು ಸರಿಯಾಗಿತ್ತು ಎಂದೇ ಈಗ ನಂಬಿದ್ದೇನೆ. ಆಗ ನಂಬಿರಲಿಲ್ಲ.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ ಬೆಳೆದವನು. ಅಲ್ಲಿನ ಮೈದಾನ, ಹಲಸೂರಿನ ಪಕ್ಕದ ಗೌತಮಪುರ, ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಯಲ್ಲೇ ನಿಂತ ಪೆಲೆಯ ಪ್ರತಿಮೆ, ಇವುಗಳ ನಡುವೆ ಬೆಳೆದವರಿಗೆ ಫುಟ್‌ಬಾಲ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸೇಂಟ್ ಲೂಯಿಸ್‌ಗೆ ಬಂದಾಗ ಇಲ್ಲಿಯೂ ಅಂಥದ್ದೇ ಒಂದು ಬಡಾವಣೆ ಇದೆ ಎಂದು ತಿಳಿದು ಸಂತೋಷವಾಯಿತು. ಅದರ ಹೆಸರು ದಿ ಹಿಲ್, ಇಟಲಿಯಿಂದ ವಲಸೆ ಬಂದವರ ಕೇರಿ. 1950ರ ವಿಶ್ವಕಪ್‌ನಲ್ಲಿ, ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಇಂಗ್ಲೆಂಡನ್ನು 1–0ಯಿಂದ ಸೋಲಿಸಿದ ಅಮೆರಿಕ ತಂಡದ ಹನ್ನೊಂದು ಜನರಲ್ಲಿ ಐವರು ಸೇಂಟ್ ಲೂಯಿಸ್‌ನವರು. ಗೋಲು ಕಾದ ಫ್ರಾಂಕ್ ಬೋರ್ಗಿ ಈ ಹಿಲ್‌ನವರೇ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1959ರಿಂದ 1973ರ ನಡುವೆ ಹತ್ತು ಸಲ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿದೆ. ಇಂಥ ಊರಿಗೆ ದೇಶದ ಮುಖ್ಯ ಲೀಗಿನಲ್ಲಿ ತಂಡವಿಲ್ಲ ಎಂಬುದು ನನ್ನನ್ನು ಕಾಡುತ್ತಿತ್ತು. ಕ್ರೀಡಾಂಗಣದ ಪ್ರಸ್ತಾವ ಬಂದಾಗ ಸಿಕ್ಕಸಿಕ್ಕವರಿಗೆಲ್ಲ ‘ಹೌದು’ ಎಂದು ಮತ ಹಾಕಿ ಎಂದು ಹೇಳುತ್ತ ತಿರುಗಿದೆ. ಕೆಲಸದ ವೀಸಾದಲ್ಲಿದ್ದ ನನಗೆ ಮತವಿರಲಿಲ್ಲ.

2017ರ ಏಪ್ರಿಲ್ 4ರ ಮತಪತ್ರದಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಪ್ರಸ್ತಾವಗಳಿದ್ದವು. ಮೊದಲನೆಯದು ಮಾರಾಟ ತೆರಿಗೆಯನ್ನು ಶೇ 0.5ರಷ್ಟು ಏರಿಸಿ, ಆ ಹಣವನ್ನು ಮುಖ್ಯವಾಗಿ ನಗರದ ಉತ್ತರ–ದಕ್ಷಿಣ ರೈಲು ಮಾರ್ಗಕ್ಕೆ ತೆಗೆದಿಡುವುದು. ಅದು ಗೆದ್ದರೆ ಹೊರರಾಜ್ಯಗಳಿಂದ ಸಾಮಾನು ತರಿಸುವ ವ್ಯಾಪಾರಿಗಳು ಕಟ್ಟುವ ಬಳಕೆ ತೆರಿಗೆಯೂ ತಾನಾಗಿ ಅಷ್ಟೇ ಏರುತ್ತಿತ್ತು. ಹಾಗೆ ಏರಿದ ಬಳಕೆ ತೆರಿಗೆಯಿಂದ 6 ಕೋಟಿ ಡಾಲರನ್ನು ಯೂನಿಯನ್ ಸ್ಟೇಷನ್ ಪಕ್ಕದಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಲು ಕೊಡಬೇಕು ಎಂಬುದು ಎರಡನೆಯ ಪ್ರಸ್ತಾವ. ಕಟ್ಟಡದ ಒಟ್ಟು ಅಂದಾಜು ಸುಮಾರು 20 ಕೋಟಿ ಡಾಲರ್. ಲೀಗಿಗೆ ಸೇರುವ 15 ಕೋಟಿ ಡಾಲರ್ ಶುಲ್ಕ ಹೂಡಿಕೆದಾರರದು. ಜನ ರೈಲಿಗೆ ಒಪ್ಪಿಗೆ ಕೊಟ್ಟರು. ಕ್ರೀಡಾಂಗಣಕ್ಕೆ ಸುಮಾರು 53–47ರ ಅಂತರದಲ್ಲಿ ಬೇಡ ಎಂದರು. ಆ ಹೂಡಿಕೆದಾರರ ಯೋಜನೆ ಅಲ್ಲಿಗೇ ನಿಂತಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಕಚೇರಿಯಲ್ಲಿ, ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದ ಹಿರಿಯ ಸಹೋದ್ಯೋಗಿಯ ಹತ್ತಿರ ಬೇಸರ ತೋಡಿಕೊಂಡೆ. ಅವರು ನಗರದ ಉತ್ತರ ಭಾಗದ ಕಪ್ಪು ಸಮುದಾಯದ ಮಹಿಳೆ. ತಾವು ರೈಲಿಗೆ ‘ಹೌದು’, ಕ್ರೀಡಾಂಗಣಕ್ಕೆ ‘ಬೇಡ’ ಎಂದು ಹಾಕಿದ್ದಾಗಿ ನೇರವಾಗಿಯೇ ಹೇಳಿದರು. ಆಟದ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. “ಡೋಮಿನ ಸಾಲ ಇನ್ನೂ ತೀರಿಲ್ಲ. ಅದರಲ್ಲಿ ಆಡುತ್ತಿದ್ದವರು ಊರು ಬಿಟ್ಟು ವರ್ಷವಾಯಿತು” ಎಂದರು.

ಡೋಮಿನ ಕಥೆ ಗೊತ್ತಿಲ್ಲದೆ ಈ ಮತದಾನ ಅರ್ಥವಾಗುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ) ತಂಡವೊಂದನ್ನು ಊರಿಗೆ ತರಲು ಸಾರ್ವಜನಿಕ ಹಣದಲ್ಲಿ ಡೋಮ್ ಎಂಬ ಮುಚ್ಚುಚಾವಣಿಯ ಕ್ರೀಡಾಂಗಣ ಕಟ್ಟಿದರು. 1995ರಲ್ಲಿ ಲಾಸ್ ಏಂಜಲೀಸ್‌ನಿಂದ ರ‍್ಯಾಮ್ಸ್ ತಂಡ ಬಂತು. ಸಾಲದ ಕಂತಿನ ಅರ್ಧ ರಾಜ್ಯದ್ದು, ಉಳಿದರ್ಧವನ್ನು ನಗರ ಮತ್ತು ಪಕ್ಕದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸಮನಾಗಿ ಹಂಚಿಕೊಂಡವು. ನಗರದ ಪಾಲೇ ವರ್ಷಕ್ಕೆ 60 ಲಕ್ಷ ಡಾಲರ್. ಕರಾರಿನಲ್ಲಿ ಒಂದು ಷರತ್ತಿತ್ತು: ಈ ಕ್ರೀಡಾಂಗಣ 2005ರಲ್ಲೂ 2015ರಲ್ಲೂ ಲೀಗಿನ ಕ್ರೀಡಾಂಗಣಗಳ ಪೈಕಿ ಮೇಲಿನ ಕಾಲು ಭಾಗದಲ್ಲಿ ಇರಬೇಕು, ಇಲ್ಲವಾದರೆ ತಂಡಕ್ಕೆ ದೀರ್ಘ ಗುತ್ತಿಗೆಯಿಂದ ಬಿಡುಗಡೆ. ಎಲ್ಲ ಊರುಗಳೂ ಹೊಸದನ್ನು ಕಟ್ಟುತ್ತಲೇ ಇರುವಾಗ ಆ ಷರತ್ತನ್ನು ಪಾಲಿಸಲು ಯಾವ ಊರಿಗೆ ಸಾಧ್ಯ? 2013ರಲ್ಲಿ ಪಂಚಾಯ್ತಿ ನಡೆಸಿದವರು ತಂಡದ ಪರವಾಗಿ ತೀರ್ಪು ಕೊಟ್ಟರು. 2016ರ ಜನವರಿಯಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಮರಳಿತು. ಸೇಂಟ್ ಲೂಯಿಸ್‌ಗೆ ಮೂರು ವೃತ್ತಿಪರ ತಂಡಗಳನ್ನು ಸಾಕುವ ಶಕ್ತಿಯಿಲ್ಲ ಎಂಬ ಅರ್ಥದ ಮಾತು ಮಾಲೀಕರು ಲೀಗಿಗೆ ಕೊಟ್ಟ ಅರ್ಜಿಯಲ್ಲೇ ಇತ್ತು. ಕಂತು ಕಟ್ಟುವುದು ಮಾತ್ರ ಊರಿಗೆ ತಪ್ಪಲಿಲ್ಲ.

ಇದಕ್ಕೆ ಇನ್ನೊಂದು ಪದರವಿದೆ, ಹೊರಗಿನವರು ಗಮನಿಸದಿರುವಂಥದ್ದು. ಸೇಂಟ್ ಲೂಯಿಸ್ ನಗರ 1876ರಲ್ಲಿ ತನ್ನ ಕೌಂಟಿಯಿಂದ ಬೇರ್ಪಟ್ಟಿತು. ಅಂದು ಎಳೆದ ಗಡಿಯೇ ಇಂದಿಗೂ ಇದೆ. 1950ರಲ್ಲಿ ಎಂಟೂವರೆ ಲಕ್ಷ ಜನರಿದ್ದ ನಗರದಲ್ಲಿ 2020ರ ಹೊತ್ತಿಗೆ ಉಳಿದವರು ಮೂರು ಲಕ್ಷ. ಅನುಕೂಲಸ್ಥರು ಗಡಿಯಾಚೆ ಕೌಂಟಿಯಲ್ಲಿದ್ದಾರೆ. ನಮ್ಮ ಕನ್ನಡಿಗರಲ್ಲಿಯೂ ಹೆಚ್ಚಿನವರು ಚೆಸ್ಟರ್‌ಫೀಲ್ಡ್, ಬಾಲ್ವಿನ್ ಕಡೆಯವರು. ಆಟ ನೋಡಲು ಬರುವವರು ಇಡೀ ಪ್ರದೇಶದವರು, 6 ಕೋಟಿ ಹೊರಬೇಕಾಗಿದ್ದದ್ದು ಮಾತ್ರ ಈ ಮೂರು ಲಕ್ಷ ಜನರ ನಗರ. ನನ್ನ ಸಹೋದ್ಯೋಗಿ ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ನಾನು ಓದತೊಡಗಿದೆ. ಕ್ರೀಡಾಂಗಣಕ್ಕೆ ಕೊಟ್ಟ ಸಾರ್ವಜನಿಕ ಹಣ ಊರಿನ ಆದಾಯವಾಗಿ ಮರಳುವುದಿಲ್ಲ ಎಂಬ ವಿಷಯದಲ್ಲಿ, ಬೇರೆಲ್ಲದರಲ್ಲೂ ಜಗಳವಾಡುವ ಅರ್ಥಶಾಸ್ತ್ರಜ್ಞರು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ. ಕಾರಣ ಸರಳ. ಒಂದು ಕುಟುಂಬ ತಿಂಗಳಿಗೆ ಮನರಂಜನೆಗೆಂದು ತೆಗೆದಿಡುವ ಹಣ ಇಷ್ಟೇ ಎಂದಿರುತ್ತದೆ. ಪಂದ್ಯಕ್ಕೆ ಹೋದವರು ಆ ವಾರ ಸಿನಿಮಾಕ್ಕೋ ಹೋಟೆಲಿಗೋ ಹೋಗುವುದಿಲ್ಲ. ಹಣ ಊರೊಳಗೇ ಜೇಬು ಬದಲಿಸುತ್ತದೆ. ಅಲ್ಲದೆ ಲೀಗಿನ ಒಂದು ಋತುವಿನಲ್ಲಿ ತವರಿನ ಪಂದ್ಯಗಳು 17 ಮಾತ್ರ.

ಈಗ ನಿಮ್ಮ ಮೊದಲ ಪ್ರಶ್ನೆ. ಮತದಾನ ಸೋತ ಮೇಲೆ, 2018ರಲ್ಲಿ ಎಂಟರ್‌ಪ್ರೈಸ್ ಕಾರು ಬಾಡಿಗೆ ಸಂಸ್ಥೆಯ ಟೇಲರ್ ಕುಟುಂಬ ಮುಂದೆ ಬಂತು. ಕೆರೊಲಿನ್ ಕಿಂಡಲ್ ಮುಂದಾಳು, ಹಿಂದಿನ ಪ್ರಯತ್ನದಲ್ಲೂ ಇದ್ದ ಜಿಮ್ ಕ್ಯಾವನಾ ಜೊತೆಗಾರ. 2019ರ ಆಗಸ್ಟ್‌ನಲ್ಲಿ ಲೀಗ್ ತಂಡವನ್ನು ಘೋಷಿಸಿತು. ಅಷ್ಟರಲ್ಲಿ ಸೇರ್ಪಡೆ ಶುಲ್ಕ 20 ಕೋಟಿ ಡಾಲರಿಗೆ ಏರಿತ್ತು, ಅದನ್ನೂ ಅವರೇ ಕೊಟ್ಟರು. ಕ್ರೀಡಾಂಗಣದ ಖರ್ಚಿನ ಬಹುಪಾಲು ಅವರದೇ. ರಾಜ್ಯದಿಂದ ಕೇಳಿದ್ದ 3 ಕೋಟಿ ಡಾಲರ್ ತೆರಿಗೆ ರಿಯಾಯಿತಿ ಸಿಗಲಿಲ್ಲ, ಆದರೂ ಕೆಲಸ ನಿಲ್ಲಲಿಲ್ಲ. ನಗರ ಏನೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು, ಟಿಕೆಟ್ ತೆರಿಗೆಯಲ್ಲಿ ಒಂದು ಪಾಲು ಬಿಟ್ಟಿತು. ಆದರೆ ಬೊಕ್ಕಸದಿಂದ 6 ಕೋಟಿ ಎತ್ತಿ ಕೊಡುವುದಕ್ಕೂ ಇದಕ್ಕೂ ಅಜಗಜಾಂತರ.

ನಮ್ಮ ಊರೊಂದೇ ಹೀಗಲ್ಲ. ಓಹಾಯೊದ ಕೊಲಂಬಸ್‌ನಲ್ಲಿ 1997ರಲ್ಲಿ ಇಂಥದ್ದೇ ತೆರಿಗೆಯನ್ನು ಮತದಾರರು ತಿರಸ್ಕರಿಸಿದರು. ತಂಡದ ಮಾಲೀಕ ಲಮಾರ್ ಹಂಟ್ ಸುಮಾರು 2.85 ಕೋಟಿ ಡಾಲರ್ ಖರ್ಚಿನಲ್ಲಿ 1999ಕ್ಕೆ ಕ್ರೀಡಾಂಗಣ ಕಟ್ಟಿಸಿದರು, ಲೀಗಿನಲ್ಲಿ ಫುಟ್‌ಬಾಲಿಗೆಂದೇ ಕಟ್ಟಿದ ಮೊದಲನೆಯದು. ಸ್ಯಾನ್ ಡಿಯಾಗೊದಲ್ಲಿ 2018ರಲ್ಲಿ ಹೂಡಿಕೆದಾರರ ಸಾಕರ್‌ಸಿಟಿ ಯೋಜನೆ ಸೋತಿತು. ಜನ ವಿಶ್ವವಿದ್ಯಾಲಯದ ಯೋಜನೆಯನ್ನು ಆರಿಸಿದರು, 2025ರಿಂದ ಲೀಗಿನ ತಂಡ ಅದೇ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಆಡುತ್ತಿದೆ. ‘ಈಗ ಕೊಡದಿದ್ದರೆ ಇನ್ನೆಂದೂ ಇಲ್ಲ’ ಎಂಬ ಬೆದರಿಕೆಯನ್ನು ನಾನೂ 2017ರಲ್ಲಿ ನಿಜವೆಂದೇ ನಂಬಿ ಬೇರೆಯವರಿಗೆ ದಾಟಿಸಿದ್ದೆ.

ಹಾಗೆಂದು ಕ್ರೀಡಾಂಗಣ ಬಂದದ್ದರಿಂದ ಏನೂ ಆಗಲಿಲ್ಲ ಎನ್ನಲಾರೆ. 2023ರ ಮಾರ್ಚ್ 4ರಂದು ಷಾರ್ಲಟ್ ವಿರುದ್ಧದ ತವರಿನ ಮೊದಲ ಪಂದ್ಯಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. 3–1ರಿಂದ ಗೆದ್ದೆವು. ಆ ವರ್ಷ ಮೊದಲ ಐದೂ ಪಂದ್ಯ ಗೆದ್ದರು, ಲೀಗಿನ ಇತಿಹಾಸದಲ್ಲಿ ಬೇರಾವ ಹೊಸ ತಂಡವೂ ಮಾಡಿರದ ಸಾಧನೆ. ಮೈದಾನ ರಸ್ತೆಯ ಮಟ್ಟದಿಂದ 40 ಅಡಿ ಕೆಳಗಿದೆ. 22,500 ಆಸನಗಳಲ್ಲಿ ಯಾವುದೂ ಆಟಕ್ಕೆ 120 ಅಡಿಗಿಂತ ದೂರವಿಲ್ಲ. ಕಂಠೀರವದಲ್ಲಿ ಓಟದ ಪಥದಾಚೆ ಕುಳಿತು, ಚೆಂಡು ಯಾರ ಕಾಲಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದ ನನಗೆ, ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಕುಳಿತದ್ದು ಮರೆಯಲಾಗದ ಅನುಭವ. ಗೌತಮಪುರದ ಹುಡುಗರು ಇಂಥ ಹುಲ್ಲಿನ ಮೇಲೆ ಆಡಬೇಕು ಎಂದು ಆ ದಿನ ಮನಸ್ಸು ತುಂಬ ಬಯಸಿತು. ಈ ಆನಂದಕ್ಕೆ ಬೆಲೆಯಿದೆ. ಅದನ್ನು ಆದಾಯ, ಉದ್ಯೋಗ ಎಂದು ಲೆಕ್ಕದ ಪುಸ್ತಕದಲ್ಲಿ ತೋರಿಸಲು ಹೊರಟಾಗಲೇ ಸುಳ್ಳು ಶುರುವಾಗುವುದು.

ಕ್ರೀಡಾಂಗಣದ ಪಕ್ಕದಲ್ಲಿ ಮರಳು ಗಡಿಯಾರದ ಆಕಾರದ ಕಲ್ಲಿನ ಕಂಬಗಳಿವೆ, ಕಲಾವಿದ ಡೇಮನ್ ಡೇವಿಸ್ ಅವರ ಕೆಲಸ. ಇಲ್ಲಿ ಮಿಲ್ ಕ್ರೀಕ್ ವ್ಯಾಲಿ ಎಂಬ ಕಪ್ಪು ಜನರ ಬಡಾವಣೆಯಿತ್ತು. 1959ರಿಂದ ಅದನ್ನು ‘ನಗರ ನವೀಕರಣ’ದ ಹೆಸರಿನಲ್ಲಿ ನೆಲಸಮ ಮಾಡಿ ಸುಮಾರು 20 ಸಾವಿರ ಜನರನ್ನು ಎಬ್ಬಿಸಿದರು. ನನ್ನ ಸಹೋದ್ಯೋಗಿಯ ತಾಯಿ ಆ ಇಪ್ಪತ್ತು ಸಾವಿರದಲ್ಲಿ ಒಬ್ಬರು. ‘ಊರಿನ ಒಳ್ಳೆಯದಕ್ಕೆ’ ಎಂದು ಯಾರಾದರೂ ನಕ್ಷೆ ಹಿಡಿದು ಬಂದರೆ ಅವರ ಮನೆಯವರು ಏಕೆ ತಕ್ಷಣ ನಂಬುವುದಿಲ್ಲ ಎಂದು ಆ ಕಂಬಗಳ ಬಳಿ ನಿಂತಾಗ ನನಗೆ ಅರ್ಥವಾಯಿತು.

ರ‍್ಯಾಮ್ಸ್ ಹೋದದ್ದರ ಬಗ್ಗೆ ಹೂಡಿದ ಮೊಕದ್ದಮೆ 2021ರಲ್ಲಿ 79 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ವಕೀಲರು, ಕೌಂಟಿ ಮೊದಲಾದವರ ಪಾಲು ಕಳೆದು ನಗರಕ್ಕೆ ಸುಮಾರು 25 ಕೋಟಿ ಸಿಕ್ಕಿತು. 2025ರ ಮೇ ತಿಂಗಳ ಸುಂಟರಗಾಳಿ ಉತ್ತರ ಭಾಗದ ಮನೆಗಳನ್ನು ಮುರಿದು ಹಾಕಿದಾಗ ಆ ನಿಧಿಯಿಂದ ನೆರವು ತೆಗೆದರು. ಊರಿನ ಹಣ ಇರಬೇಕಾದ್ದು ಇಂಥದ್ದಕ್ಕೆ.

ನನ್ನ ಅಭಿಪ್ರಾಯ ಪೂರ್ತಿ ಬದಲಾದದ್ದು ಮಾತ್ರ ಮೊದಲನೆಯ ಪ್ರಸ್ತಾವದಿಂದ. ಜನ ಬೇಡ ಎಂದ ಕ್ರೀಡಾಂಗಣ ಎದ್ದು ನಿಂತಿದೆ. ಜನ ಒಪ್ಪಿದ, ತೆರಿಗೆ ಕಟ್ಟುತ್ತಿರುವ ಉತ್ತರ–ದಕ್ಷಿಣ ರೈಲು ಇಂದಿಗೂ ಇಲ್ಲ. ಕ್ರೀಡಾಂಗಣಕ್ಕೆ ಸರ್ಕಾರ ಕೊಡದಿದ್ದರೆ ಕೊಡಲು ಸಿರಿವಂತರಿದ್ದರು. ರೈಲಿಗೆ ಸರ್ಕಾರವಲ್ಲದೆ ಬೇರೆ ಯಾರೂ ಇಲ್ಲ. ನನ್ನ ಸಹೋದ್ಯೋಗಿ ನಿವೃತ್ತರಾಗಿದ್ದಾರೆ. ಪಂದ್ಯ ನೋಡಿ ನಾನು ಮನೆಗೆ ಹೊರಟ ಎಷ್ಟೋ ಶನಿವಾರ ರಾತ್ರಿ, ಗ್ರ್ಯಾಂಡ್ ರಸ್ತೆಯಲ್ಲಿ 70ನೇ ನಂಬರಿನ ಬಸ್ಸಿಗೆ ಕಾಯುತ್ತ ಜನ ಸಾಲಾಗಿ ನಿಂತಿರುತ್ತಾರೆ. ಒಮ್ಮೆ ಆ ಸಹೋದ್ಯೋಗಿಯೂ ಅಲ್ಲಿ ಇದ್ದರು. ಕಾರು ನಿಲ್ಲಿಸಿ, ಹತ್ತಿಸಿಕೊಂಡು ಮನೆಗೆ ಬಿಟ್ಟೆ. ದಾರಿಯಲ್ಲಿ ಯಾರು ಗೆದ್ದರು ಎಂದು ಕೇಳಿದರು.