ಲೆನ್ಸ್ ಉಲ್ಟಾ ಹಾಕಿದರೆ ಮ್ಯಾಕ್ರೋ ಆಗುತ್ತಾ?

ಪ್ರಶ್ನೆ: ನನ್ನ ಹತ್ತಿರ ಹಳೇ ಕ್ಯಾನನ್ ಪವರ್‌ಶಾಟ್ ಎ620 ಇದೆ. ಮಾವನ ಫಿಲಂ ಕ್ಯಾಮೆರಾದ 50 ಮಿ.ಮೀ. ಲೆನ್ಸೂ ಸಿಕ್ಕಿದೆ. ಅದನ್ನು ತಿರುಗಿಸಿ ಹಾಕಿದರೆ ಇರುವೆ ಫೋಟೊ ತೆಗೀಬಹುದು ಅಂತಾರೆ. ಆದರೆ ನನ್ನ ಕ್ಯಾಮೆರಾದ ಲೆನ್ಸ್ ಬಿಚ್ಚೋಕೇ ಬರಲ್ವಲ್ಲ ಸರ್?
– ಓದುಗರು, ಸಾಗರ

ಬಿಚ್ಚೋದೇ ಬೇಡ. ಎಸ್‌ಎಲ್‌ಆರ್‌ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇರುವವರು ಇದ್ದ ಲೆನ್ಸನ್ನೇ ತೆಗೆದು ತಿರುಗಿಸಿ ಹಾಕುತ್ತಾರೆ. ನಿಮ್ಮದರಲ್ಲಿ ಕ್ಯಾಮೆರಾದ ಲೆನ್ಸ್ ಇದ್ದಲ್ಲೇ ಇರುತ್ತದೆ, ಮಾವನ ಲೆನ್ಸ್ ಅದರ ಮುಂದೆ ಮುಖಕ್ಕೆ ಮುಖ ಕೊಟ್ಟು ಕೂರುತ್ತದೆ. ಫಿಲಂ ಕ್ಯಾಮೆರಾದಲ್ಲಿ ಆ ಲೆನ್ಸ್ ದೂರದ ಬೆಟ್ಟವನ್ನು ತನ್ನ ಹಿಂದೆ ಸುಮಾರು ನಾಲ್ಕೂವರೆ ಸೆಂ.ಮೀ. ದೂರದಲ್ಲಿದ್ದ ಫಿಲಂ ಮೇಲೆ ಮೂಡಿಸುತ್ತಿತ್ತು. ಈಗ ಫಿಲಂ ಇದ್ದ ಜಾಗದಲ್ಲಿ ಇರುವೆ ಇರುತ್ತದೆ, ಬೆಳಕು ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ, ಅಷ್ಟೇ. ನಿಮ್ಮ ಕ್ಯಾಮೆರಾಗೆ ಇರುವೆ ಎಲ್ಲೋ ದೂರದಲ್ಲಿದೆ ಅನಿಸುತ್ತದೆ.

ಎಷ್ಟು ದೊಡ್ಡದಾಗುತ್ತದೆ ಅನ್ನೋದು ಸುಲಭದ ಲೆಕ್ಕ. ನಿಮ್ಮ ಕ್ಯಾಮೆರಾದ ಲೆನ್ಸ್ ಮೇಲೆ 7.3–29.2 ಅಂತ ಬರೆದಿರುತ್ತದೆ ನೋಡಿ, ಅದೇ ಮಿ.ಮೀ.ನಲ್ಲಿ ನಿಜವಾದ ಅಳತೆ, ಡಬ್ಬಿ ಮೇಲಿನ 35–140 ಬರೀ ಫಿಲಂ ಕ್ಯಾಮೆರಾ ಜೊತೆ ಹೋಲಿಕೆಗೆ. ಪೂರ್ತಿ ಝೂಮ್ ಮಾಡಿ, 29.2 ಅನ್ನು 50ರಿಂದ ಭಾಗಿಸಿದರೆ 0.58. ಅಂದರೆ ಸೆನ್ಸರ್ (ಫಿಲಂ ಬದಲಿಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಇರುವೆ ತನ್ನ ನಿಜ ಗಾತ್ರದ 0.58ರಷ್ಟು ಮೂಡುತ್ತದೆ. ಸೆನ್ಸರ್ ಅಗಲ 7.2 ಮಿ.ಮೀ. ಇರುವುದರಿಂದ ಹೆಚ್ಚುಕಮ್ಮಿ 12 ಮಿ.ಮೀ. ಅಗಲದ ಜಾಗ ಫ್ರೇಮ್ ತುಂಬುತ್ತದೆ. ಒಂದು ದೊಡ್ಡ ಚಗಳಿ ಇರುವೆಗೆ ಸರಿಯಾಯ್ತು, ಅಲ್ವಾ? ಇನ್ನೂ ಜಾಸ್ತಿ ಬೇಕಾದರೆ 28 ಮಿ.ಮೀ. ಲೆನ್ಸ್ ಹುಡುಕಿ. 100 ಮಿ.ಮೀ. ಹಾಕಿದರೆ ಕಮ್ಮಿಯಾಗುತ್ತದೆ, ಇಲ್ಲಿ ಎಲ್ಲಾ ಉಲ್ಟಾ.

ಒಂದೇ ಒಂದು ವಿಷಯದಲ್ಲಿ ಹಟ ಮಾಡಬೇಡಿ. ಹೊರಗೆ ಬಂದು ಒಳಗೆ ಹೋಗುವ ಆ ಝೂಮ್ ಕೊಳವೆಗೆ ಟೇಪ್ ಸುತ್ತಿ ಭಾರದ ಲೆನ್ಸ್ ನೇತುಹಾಕಿದರೆ ಒಳಗಿನ ಪುಟ್ಟ ಮೋಟಾರ್ ಹೋಗುತ್ತದೆ. ಎ620ರಲ್ಲಿ ಲೆನ್ಸ್ ಸುತ್ತ ಇರುವ ಉಂಗುರ ತೆಗೆದರೆ ಅಡಾಪ್ಟರ್ ಟ್ಯೂಬ್ ಹಾಕುವ ಜಾಗ ಸಿಗುತ್ತದೆ, ಭಾರ ಬಾಡಿ ಮೇಲೆ ಬೀಳುತ್ತದೆ. ಟ್ಯೂಬಿಗೂ ಲೆನ್ಸಿಗೂ ನಡುವೆ ಎರಡೂ ಕಡೆ ತಿರುಪಿನ ಮರೆ (ಥ್ರೆಡ್) ಇರುವ ಕಪ್ಲಿಂಗ್ ರಿಂಗ್ ಬೇಕು. ಲೆನ್ಸ್ ಮುಂದೆ ಬರೆದಿರುವ ಫಿಲ್ಟರ್ ಸೈಜ್ (49, 52 ಹೀಗೆ) ನೋಡಿಕೊಂಡೇ ತಗೊಳ್ಳಿ. ಲೆನ್ಸಿನ ಹಿಂಭಾಗದ ಗಾಜು ಈಗ ಹೊರಗೆ ತೆರೆದುಕೊಂಡಿರುತ್ತದೆ, ಕಡ್ಡಿ ತಾಗಿದರೆ ಗೀರು ಬಿತ್ತು ಅಂತಲೇ ಲೆಕ್ಕ. ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ನಡುವೆ ದೊಡ್ಡ ತೂತು ಕೊರೆದು ಹಾಕಿಬಿಡಿ.

ಪ್ರಶ್ನೆ: ಹೀಗೇ ಮಾಡಿದೆ. ಚಿತ್ರದ ಸುತ್ತ ಕಪ್ಪು ಬಳೆ ಬರ್ತಿದೆ.
– ಓದುಗರು, ಹಾಸನ

ಝೂಮ್ ಪೂರ್ತಿ ಮಾಡಿಲ್ಲ, ಇಲ್ಲವೇ ಉಲ್ಟಾ ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಮುಚ್ಚಿದೆ. ಹಳೇ ಲೆನ್ಸ್ ಆದರೆ ರಿಂಗನ್ನು 1.8ಕ್ಕೋ 2ಕ್ಕೋ, ಅದರ ಅತಿ ಚಿಕ್ಕ ಅಂಕಿಗೆ ತಿರುಗಿಸಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ರಿಂಗ್ ಇಲ್ಲದ ನಿಕಾನ್ ಜಿ ಲೆನ್ಸ್ ಕ್ಯಾಮೆರಾದಿಂದ ಬಿಚ್ಚಿದ ಕೂಡಲೇ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಿಂದಿರುವ ಸಣ್ಣ ಕಡ್ಡಿಯನ್ನು ಸರಿಸಿ ತೆರೆದೇ ಇರುವಂತೆ ನಿಲ್ಲಿಸಬೇಕು. ಅಪರ್ಚರ್ ಕಮ್ಮಿ ಮಾಡುವ ಕೆಲಸ ಕ್ಯಾಮೆರಾದಲ್ಲೇ ಮಾಡಿ. 5.6 ಸಾಕು, ಇಷ್ಟು ಚಿಕ್ಕ ಸೆನ್ಸರ್‌ನಲ್ಲಿ 8ಕ್ಕೆ ಹೋದರೆ ಚಿತ್ರ ಮಂಕಾಗುತ್ತದೆ.

ಪ್ರಶ್ನೆ: ಫೋಕಸ್ಸೇ ಸಿಗಲ್ಲ. ಫ್ಲ್ಯಾಶ್ ಹಾಕಿದರೆ ಅರ್ಧ ಚಿತ್ರ ಕತ್ತಲು.
– ಓದುಗರು, ಪುತ್ತೂರು

ಕ್ಯಾಮೆರಾ ಫೋಕಸ್ ಹುಡುಕಲಿ ಅಂತ ಕಾಯಬೇಡಿ. ಮ್ಯಾನ್ಯುವಲ್‌ನಲ್ಲಿ ಇನ್ಫಿನಿಟಿಗೆ (ಅತಿ ದೂರಕ್ಕೆ) ಇಟ್ಟು ನೀವೇ ಕ್ಯಾಮೆರಾ ಹಿಡಿದು ಒಂದೊಂದು ಕೂದಲೆಳೆ ಹಿಂದೆ ಮುಂದೆ ಮಾಡುತ್ತಾ, ಹುಳದ ಕಣ್ಣು ಚೂಪಾಗಿ ಕಂಡಾಗ ಸಾಲಾಗಿ ನಾಲ್ಕಾರು ಕ್ಲಿಕ್ ಮಾಡಿ, ಒಂದಾದರೂ ಸಿಗುತ್ತದೆ. ಫ್ಲ್ಯಾಶಿಗೆ ಮುಂದಿನ ಲೆನ್ಸೇ ಅಡ್ಡ. ಬಟರ್ ಪೇಪರನ್ನು ದೊಡ್ಡದಾಗಿ ಫ್ಲ್ಯಾಶ್‌ನಿಂದ ಲೆನ್ಸ್ ತುದಿವರೆಗೆ ಚಾಚಿ ಕಟ್ಟಿದರೆ ಬೆಳಕು ಹರಡಿ ಕೆಳಗೂ ಬೀಳುತ್ತದೆ. ನನ್ನ ಕೇಳಿದರೆ, ಬೆಳಿಗ್ಗೆ ಬೇಗ ಹೋಗಿ. ಚಳಿಗೆ ಹುಳಗಳು ಸುಮ್ನೆ ಕೂತಿರುತ್ತವೆ.

ಪ್ರಶ್ನೆ: ಚಿಟ್ಟೆಗೂ ಇದೇ ಸಾಕಾ?
– ಓದುಗರು, ಮೈಸೂರು

ಬೇಡ. 12 ಮಿ.ಮೀ. ಜಾಗದಲ್ಲಿ ಚಿಟ್ಟೆಯ ತಲೆ ಮಾತ್ರ ಹಿಡಿಸುತ್ತದೆ, ಅಷ್ಟು ಹತ್ತಿರ ಹೋಗೋಕೆ ಅದು ಬಿಡೋದೂ ಇಲ್ಲ. 50 ಮಿ.ಮೀ. ಲೆನ್ಸ್ ಅಂದರೆ 20 ಡಯಾಪ್ಟರ್ (ಕನ್ನಡಕದ ಪವರ್ ಇದ್ದಂತೆ, ಲೆನ್ಸಿನ ಶಕ್ತಿಯ ಅಳತೆ). ಕ್ಯಾಮೆರಾ ಲೆನ್ಸಿನ ಮುಂದೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250 ಲೆನ್ಸ್ ಬರೀ 8 ಡಯಾಪ್ಟರ್, ಹಗುರ, 12 ಸೆಂ.ಮೀ. ದೂರದಿಂದಲೇ ತೆಗೀಬಹುದು. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗೆಲ್ಲ ಅದು ಒಳ್ಳೇದು.